ಸೊನ್ನೆ ಸೊನ್ನೆ ಏಳರ ಸರ್ವಿಸ್ ರಿಜಿಸ್ಟರ್

ಜೇಮ್ಸ್ ಬಾಂಡ್ ಗೂಢಚಾರ ಎಂಬುದು ಅವನಿಗಾಗದವರು ಹಬ್ಬಿಸಿದ ಸುದ್ದಿ. ಅವನಲ್ಲಿ ಗೂಢವಾದದ್ದು ಏನಿದೆ ಹೇಳಿ? 1962ರ ‘ಡಾಕ್ಟರ್ ನೋ’ದಲ್ಲಿ ಅವನ ಮುಖ ಮೊದಲ ಸಲ ಕಾಣಿಸುವುದೇ ಲಂಡನ್ನಿನ ಒಂದು ಜೂಜಿನ ಮೇಜಿನ ಮುಂದೆ. ಎದುರಿಗೆ ಕೂತ ಹೆಂಗಸು ಹೆಸರು ಕೇಳುತ್ತಾಳೆ. ಸಿಗರೇಟು ಹಚ್ಚುತ್ತ ಮೊದಲು ಮನೆತನದ ಹೆಸರು, ಆಮೇಲೆ ಪೂರ್ತಿ ಹೆಸರು ಒಪ್ಪಿಸುತ್ತಾನೆ. ಹಿಂದಿನಿಂದ ಸಂಗೀತ ಬೇರೆ. ಇಂಥವನನ್ನು ಸೃಷ್ಟಿಸಿದ ಇಯಾನ್ ಫ್ಲೆಮಿಂಗ್, ಯಾರ ಗಮನಕ್ಕೂ ಬೀಳದ ಸಪ್ಪೆ ಹೆಸರೊಂದು ಬೇಕೆಂದು ಹುಡುಕಿ, ವೆಸ್ಟ್ ಇಂಡೀಸಿನ ಹಕ್ಕಿಗಳ ಬಗ್ಗೆ ಪುಸ್ತಕ ಬರೆದ ವಿದ್ವಾಂಸರ ಹೆಸರನ್ನು ಎತ್ತಿಕೊಂಡಿದ್ದರು. ಪಾಪ, ಹಕ್ಕಿಗಳಿಗಾದರೂ ಅಡಗಿಕೊಳ್ಳುವ ವಿದ್ಯೆ ಗೊತ್ತು.

ನನ್ನ ವಾದ ಇಷ್ಟೇ: ಬಾಂಡ್ ಗೂಢಚಾರನಲ್ಲ, ಸರ್ಕಾರಿ ನೌಕರ. ಸಂಬಳ ಸರ್ಕಾರದ್ದು, ವಿಮಾನದ ಟಿಕೆಟ್ಟು ಸರ್ಕಾರದ್ದು, ಬಂದೂಕು ಸರ್ಕಾರದ್ದು, ಮುರಿದ ಕಾರೂ ಸರ್ಕಾರದ್ದೇ. ಇಪ್ಪತ್ತೈದು ಚಿತ್ರಗಳನ್ನೂ ಮತ್ತೆ ಮತ್ತೆ ನೋಡಿದ ಅಭಿಮಾನಿಯಾಗಿ ಹೇಳುತ್ತೇನೆ: ಈ ಸರಣಿಯ ಅತಿ ದೊಡ್ಡ ಸಾಹಸ ಯಾವ ಬೆಟ್ಟದ ಮೇಲೂ ನಡೆದಿಲ್ಲ. ಇಷ್ಟೆಲ್ಲ ಆದ ಮೇಲೂ ಅವನ ಕೈಗೆ ಒಂದೇ ಒಂದು ಕಾರಣ ಕೇಳಿ ನೋಟಿಸ್ ಬರಲಿಲ್ಲವಲ್ಲ, ಅದೇ ಸಾಹಸ.

ಸರ್ವಿಸ್ ರಿಜಿಸ್ಟರ್ ತೆರೆದರೆ ಮೊದಲ ಪುಟದಲ್ಲೇ ತಕರಾರು. ಭಾವಚಿತ್ರಗಳು ಆರು: ಕಾನರಿ, ಲೇಜನ್‌ಬಿ, ಮೂರ್, ಡಾಲ್ಟನ್, ಬ್ರಾಸ್ನನ್, ಕ್ರೇಗ್. ನೌಕರ ಒಬ್ಬನೇ. ಹುದ್ದೆಯೂ ಒಂದೇ, ಮುಂಬಡ್ತಿಯ ಸುಳಿವಿಲ್ಲ. ಜನ್ಮ ದಿನಾಂಕದ ತಿದ್ದುಪಡಿಯಲ್ಲಿ ನಮ್ಮವರು ಬುದ್ಧಿವಂತರು ಅಂದುಕೊಂಡಿದ್ದೆ. 44 ವರ್ಷ ಸೇವೆ ಸಲ್ಲಿಸಿದ ಈ ಮಹಾಶಯ 2006ರ ‘ಕ್ಯಾಸಿನೋ ರಾಯಲ್’ನಲ್ಲಿ ಹೊಸದಾಗಿ ನೇಮಕಾತಿ ಆದೇಶ ಪಡೆದು ಪ್ರೊಬೇಷನರಿಯಾಗಿ ಸೇರುತ್ತಾನೆ. 1995ರಿಂದ ಅವನನ್ನು ಗದರಿಸುತ್ತ ಬಂದ ಮೇಲಧಿಕಾರಿ ಜೂಡಿ ಡೆಂಚ್ ಅದೇ ಕುರ್ಚಿಯಲ್ಲಿ ಕೂತು, ಇವನನ್ನು ಈಗಷ್ಟೇ ಕಂಡವರಂತೆ ಮತ್ತೆ ಗದರಿಸುತ್ತಾರೆ. ‘ಎ ವ್ಯೂ ಟು ಎ ಕಿಲ್’ ಬಂದ 1985ರಲ್ಲಿ ರೋಜರ್ ಮೂರ್‌ಗೆ 57. ಕರ್ನಾಟಕದ ಲೆಕ್ಕದಲ್ಲಿ ನಿವೃತ್ತಿಗೆ ಇನ್ನೂ ಮೂರು ವರ್ಷ ಬಾಕಿ. ಪಿಂಚಣಿ ಕಾಗದಪತ್ರ ಹೊಂದಿಸಿಕೊಳ್ಳುವ ವಯಸ್ಸಿನಲ್ಲಿ ಮನುಷ್ಯ ಗೋಲ್ಡನ್ ಗೇಟ್ ಸೇತುವೆಯ ತುದಿಯಲ್ಲಿ ನಿಂತು ಕೊಡಲಿ ಹಿಡಿದವನೊಡನೆ ಹೊಡೆದಾಡುತ್ತಿದ್ದ.

ಎರಡನೆಯ ಪುಟ ದಾಸ್ತಾನು ಶಾಖೆಯದು. ಡೆಸ್ಮಂಡ್ ಲೆವೆಲಿನ್ ಎಂಬ ನಟ 1963ರಿಂದ 1999ರವರೆಗೆ ಹದಿನೇಳು ಚಿತ್ರಗಳಲ್ಲಿ ‘ಕ್ಯೂ’ ಎಂಬ ಸ್ಟೋರ್‌ಕೀಪರ್ ಆಗಿದ್ದರು. ಅಷ್ಟರಲ್ಲಿ ಐದು ಬಾಂಡ್‌ಗಳು ಬಂದುಹೋದರು. ಇವರ ಕೋರಿಕೆ ಮಾತ್ರ ಒಂದೇ, ಕೊಟ್ಟ ಸಾಮಾನನ್ನು ಕೊಟ್ಟ ಹಾಗೇ ತಂದುಕೊಡಪ್ಪ. 1964ರ ‘ಗೋಲ್ಡ್‌ಫಿಂಗರ್’ನಲ್ಲಿ ಪಕ್ಕದ ಸೀಟಿನವನನ್ನು ಚಾವಣಿಯಿಂದ ಹೊರಗೆ ಚಿಮ್ಮಿಸುವ ಆಸ್ಟನ್ ಮಾರ್ಟಿನ್ ಕೊಟ್ಟರು. ಅದೇ ಚಿತ್ರ ಮುಗಿಯುವುದರೊಳಗೆ ಅದು ಗೋಡೆಗೆ ಗುದ್ದಿಕೊಂಡಿತ್ತು. 2002ರಲ್ಲಿ ಕಣ್ಣಿಗೇ ಕಾಣದ ಕಾರು ಬಂತು. ‘ಡೈ ಅನದರ್ ಡೇ’ ನೋಡಿ ಜಗತ್ತೆಲ್ಲ ಇದು ಅತಿಯಾಯಿತು ಎಂದು ನಕ್ಕಿತು. ನಮಗೇನೂ ಅನ್ನಿಸಲಿಲ್ಲ. ಕಾಣದ ವಾಹನದ ಹೆಸರಿನಲ್ಲಿ ಡೀಸೆಲ್ ಬಿಲ್ಲು ಬರೆಯುವ ವಿದ್ಯೆ ನಮ್ಮ ಕಚೇರಿಗಳಿಗೆ ಅದಕ್ಕೂ ಎಷ್ಟೋ ಮೊದಲೇ ಕೈವಶವಾಗಿತ್ತು.

ಈ ಶಾಖೆಗೆ ಸೇರಿದ ದೃಶ್ಯಗಳಲ್ಲಿ ನನಗೆ ಪ್ರಾಣವಾದದ್ದು 1977ರ ‘ದಿ ಸ್ಪೈ ಹೂ ಲವ್ಡ್ ಮಿ’ಯದು. ಸಮುದ್ರಕ್ಕೆ ಬಿದ್ದು ಜಲಾಂತರ್ಗಾಮಿಯಾದ ಬಿಳಿ ಲೋಟಸ್ ಕಾರು, ಸಾರ್ಡೀನಿಯಾದ ಕಡಲತೀರದಲ್ಲಿ ಸ್ನಾನಕ್ಕೆ ಬಂದವರ ನಡುವೆ ನೀರಿನಿಂದ ಮೇಲೆದ್ದು ಬರುತ್ತದೆ. ಬಾಂಡ್ ಕಿಟಕಿ ಇಳಿಸಿ, ಒಳಗೆ ಸೇರಿಕೊಂಡಿದ್ದ ಒಂದು ಮೀನನ್ನು ಹೊರಗೆ ಹಾಕುತ್ತಾನೆ. ಎಲ್ಲರೂ ಕಾರು ನೋಡುತ್ತಾರೆ. ನಾನು ನೋಡುವುದು ಅಲ್ಲೇ ಕೂತು ಕುಡಿಯುತ್ತಿರುವ ಒಬ್ಬನನ್ನು. ಅವನು ಕಾರನ್ನೊಮ್ಮೆ ನೋಡಿ, ಕೈಯಲ್ಲಿರುವ ಬಾಟಲಿಯನ್ನೊಮ್ಮೆ ನೋಡುತ್ತಾನೆ. ಮುಂದಿನ ಎರಡು ಚಿತ್ರಗಳಲ್ಲೂ ಅದೇ ಆಸಾಮಿ ಹಾಜರು. ‘ಮೂನ್‌ರೇಕರ್’ನಲ್ಲಿ ಬಾಂಡ್‌ನ ದೋಣಿ ವೆನಿಸ್ಸಿನ ನಡುಚೌಕಕ್ಕೆ ಹತ್ತಿ ಓಡುವಾಗ ಅವನಿದ್ದಾನೆ, ‘ಫಾರ್ ಯುವರ್ ಐಸ್ ಓನ್ಲಿ’ಯ ಹಿಮದೂರಿನಲ್ಲೂ ಇದ್ದಾನೆ. ಪ್ರತಿ ಸಲವೂ ಸಂಶಯ ತನ್ನ ಪಾನೀಯದ ಮೇಲೆಯೇ. ಪಾತ್ರ ಮಾಡಿದ್ದು ವಿಕ್ಟರ್ ತೂರ್ಯಾನ್ಸ್ಕಿ ಎಂಬ ಸಹಾಯಕ ನಿರ್ದೇಶಕ. ಇಡೀ ಸರಣಿಯಲ್ಲಿ ಇಷ್ಟು ಸಾಚಾ ಪಾತ್ರ ಇನ್ನೊಂದಿಲ್ಲ. ಸರ್ಕಾರದ ಕಾರು ಸಮುದ್ರದಿಂದ ಎದ್ದು ಬಂದರೂ ಸರ್ಕಾರವನ್ನು ಪ್ರಶ್ನಿಸದೆ ತನ್ನ ಕಣ್ಣನ್ನೇ ಪ್ರಶ್ನಿಸಿಕೊಳ್ಳುವ ಆದರ್ಶ ಪ್ರಜೆ ಅವನು.

ಇನ್ನು ಸಾಹಸಗಳ ಪುಟ. ‘ದಿ ಸ್ಪೈ ಹೂ ಲವ್ಡ್ ಮಿ’ಯ ಆರಂಭದಲ್ಲಿ ಬಾಂಡ್ ಹಿಮದ ಮೇಲೆ ಜಾರುತ್ತ ಬಂದು ಬೆಟ್ಟದ ಅಂಚಿನಿಂದ ಶೂನ್ಯಕ್ಕೆ ಹಾರುತ್ತಾನೆ. ಒಂದಿಷ್ಟು ಹೊತ್ತು ಸದ್ದೇ ಇಲ್ಲ. ಆಮೇಲೆ ಬ್ರಿಟನ್ನಿನ ಧ್ವಜದ ಬಣ್ಣದ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ. ಹಾರಿದ್ದು ರೋಜರ್ ಮೂರ್ ಅಲ್ಲ. ಕೆನಡಾದ ಬ್ಯಾಫಿನ್ ದ್ವೀಪದ ಮೌಂಟ್ ಆಸ್ಗಾರ್ಡ್‌ನಿಂದ ನಿಜವಾಗಿ ಹಾರಿದವನು ರಿಕ್ ಸಿಲ್ವೆಸ್ಟರ್. 1995ರ ‘ಗೋಲ್ಡನ್‌ಐ’ನಲ್ಲಿ ಸ್ವಿಟ್ಜರ್ಲೆಂಡಿನ 220 ಮೀಟರ್ ಎತ್ತರದ ಅಣೆಕಟ್ಟಿನಿಂದ ಹಗ್ಗ ಕಟ್ಟಿಕೊಂಡು ಬಿದ್ದವನು ವೇಯ್ನ್ ಮೈಕಲ್ಸ್. ‘ಕ್ಯಾಸಿನೋ ರಾಯಲ್’ನಲ್ಲಿ ಕಾರನ್ನು ಏಳು ಪಲ್ಟಿ ಹೊಡೆಸಿ ಗಿನ್ನೆಸ್ ಪುಸ್ತಕ ಸೇರಿಸಿದವನು ಆ್ಯಡಂ ಕರ್ಲಿ. ಇವರೆಲ್ಲ ಹೊರಗುತ್ತಿಗೆ ನೌಕರರು. ಕಾಯಂ ನೌಕರನ ಕೆಲಸ ಏನೆಂದರೆ, ಎಲ್ಲ ಮುಗಿದ ಮೇಲೆ ಕ್ಯಾಮೆರಾ ಹತ್ತಿರ ಬಂದಾಗ ಟೈ ಸರಿಮಾಡಿಕೊಳ್ಳುವುದು. ಸೇಂಟ್ ಪೀಟರ್ಸ್‌ಬರ್ಗಿನ ಗೋಡೆಗಳನ್ನು ಟ್ಯಾಂಕಿನಿಂದ ಒಡೆದ ಬ್ರಾಸ್ನನ್ ಟೈ ಸರಿಮಾಡಿಕೊಂಡ. ‘ಸ್ಕೈಫಾಲ್’ನಲ್ಲಿ ಹರಿದ ರೈಲುಡಬ್ಬಿಗೆ ಹಾರಿದ ಕ್ರೇಗ್ ಅಂಗಿಯ ತೋಳು ಸರಿಮಾಡಿಕೊಂಡ.

ಹೊರಗುತ್ತಿಗೆಯವನಿಗೆ ಈ ಇಲಾಖೆ ಕೃತಜ್ಞತೆ ಸಲ್ಲಿಸುವ ರೀತಿಯೂ ವಿಶಿಷ್ಟ. 1973ರ ‘ಲಿವ್ ಅಂಡ್ ಲೆಟ್ ಡೈ’ಯಲ್ಲಿ ಬಾಂಡ್ ಮೊಸಳೆಗಳ ಬೆನ್ನ ಮೇಲೆ ಪಟಪಟನೆ ಹೆಜ್ಜೆಯಿಟ್ಟು ಕೊಳ ದಾಟುತ್ತಾನಲ್ಲ, ಅದು ರಾಸ್ ಕಾನಂಗಾ ಎಂಬಾತ ಜಮೈಕಾದ ತನ್ನದೇ ಮೊಸಳೆ ಸಾಕಣೆ ಕೇಂದ್ರದಲ್ಲಿ ಮಾಡಿದ್ದು. ಒಂದೇ ಸಲಕ್ಕೆ ಆಗಲಿಲ್ಲ, ಮತ್ತೆ ಮತ್ತೆ ಮಾಡಬೇಕಾಯಿತು. ಎರಡನೆಯ ಸಲ ಬರುವವನಿಗಾಗಿ ಕಾಯುವಷ್ಟು ಬುದ್ಧಿ ಮೊಸಳೆಗೂ ಇದೆ. ಅವನ ಗೌರವಾರ್ಥ ಚಿತ್ರದ ಖಳನಾಯಕನಿಗೆ ಕಾನಂಗಾ ಎಂದು ಹೆಸರಿಟ್ಟರು. ಆ ಖಳನಾಯಕನನ್ನು ಕೊನೆಯಲ್ಲಿ ಬಲೂನಿನಂತೆ ಊದಿಸಿ ಢಂ ಅನ್ನಿಸಿದರು. ಸನ್ಮಾನ ಎಂದರೆ ಇದು!

ಮುಂದಿನ ವರ್ಷದ ‘ದಿ ಮ್ಯಾನ್ ವಿತ್ ದಿ ಗೋಲ್ಡನ್ ಗನ್’ನದು ಇನ್ನೂ ಮಜಾ. ಥಾಯ್ಲೆಂಡಿನ ಮುರಿದ ಸೇತುವೆಯ ಮೇಲಿಂದ ಕಾರು ಗಾಳಿಯಲ್ಲೇ ಒಂದು ಪೂರ್ತಿ ಸುತ್ತು ಹೊರಳಿ ಆಚೆ ದಡದಲ್ಲಿ ನಾಲ್ಕು ಚಕ್ರದ ಮೇಲೆ ಇಳಿಯುತ್ತದೆ. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಒಂದೇ ಟೇಕಿನಲ್ಲಿ ಮುಗಿಸಿದ ಸಾಹಸ. ಚಿತ್ರದಲ್ಲಿ ಅದಕ್ಕೆ ಹಾಕಿದ ಹಿನ್ನೆಲೆ ಸದ್ದು ಜಾತ್ರೆಯ ಪೀಪಿಯದು. ಗಣಿತಜ್ಞ ಬೆವರು ಸುರಿಸಿದ, ಚಾಲಕ ಜೀವ ಒತ್ತೆಯಿಟ್ಟ, ಅಷ್ಟನ್ನೂ ಒಂದು ಪೀಪಿ ನುಂಗಿತು. 1971ರ ‘ಡೈಮಂಡ್ಸ್ ಆರ್ ಫಾರೆವರ್’ನ ಕೆಂಪು ಮಸ್ಟಾಂಗ್ ಮಾತ್ರ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಲಾಸ್ ವೇಗಾಸಿನ ಇಕ್ಕಟ್ಟಾದ ಓಣಿಗೆ ಅದು ಒಂದು ಬದಿಯ ಎರಡು ಚಕ್ರದ ಮೇಲೆ ವಾಲಿಕೊಂಡು ಹೊಕ್ಕು, ಇನ್ನೊಂದು ಬದಿಯ ಎರಡು ಚಕ್ರದ ಮೇಲೆ ವಾಲಿಕೊಂಡು ಹೊರಬರುತ್ತದೆ. ಒಳಗೆ ಏನು ನಡೆಯಿತೋ ದೇವರಿಗೇ ಗೊತ್ತು. ಬಹುಮಹಡಿ ಕಟ್ಟಡದಲ್ಲಿ ಫೈಲು ಓಡಿಸಿದ ಅನುಭವ ಇರುವ ಯಾರಿಗೂ ಇದು ಆಶ್ಚರ್ಯವಾಗಲಾರದು.

ಈ ರಿಜಿಸ್ಟರಿನ ಅತಿ ದುಃಖದ ಹುದ್ದೆಯೆಂದರೆ ಸ್ಥಳೀಯ ಸಹಾಯಕನದು. ಬಾಂಡ್ ಯಾವ ಊರಿಗೆ ಹೋದರೂ ಅಲ್ಲೊಬ್ಬ ಇರುತ್ತಾನೆ. ಊರು ಗೊತ್ತು, ಭಾಷೆ ಗೊತ್ತು, ದಾರಿ ಗೊತ್ತು, ನಗುಮುಖ. ಅವನು ನಕ್ಕ ಕೂಡಲೇ ನನ್ನ ಎದೆ ಧಸಕ್ ಅನ್ನುತ್ತದೆ. ಮಧ್ಯಂತರ ದಾಟುವುದಿಲ್ಲ ಈ ಜೀವ. ‘ಡಾಕ್ಟರ್ ನೋ’ದ ಕ್ವಾರೆಲ್ ಎಂಬ ದೋಣಿಯವನಿಂದ ಬಾಂಡ್ ತನ್ನ ಬೂಟು ತರಿಸಿಕೊಳ್ಳುತ್ತಾನೆ, ಕ್ವಾರೆಲ್ ಬೆಂಕಿಗೆ ಆಹುತಿ. ಇಸ್ತಾಂಬುಲ್‌ನ ಕೆರೀಂ ಬೇ ರೈಲಿನಲ್ಲಿ ಹೆಣ. ಜಪಾನಿನ ಅಕಿ, ಬಾಂಡ್‌ಗೆಂದು ನೂಲಿನ ಮೇಲಿಂದ ಇಳಿಬಿಟ್ಟ ವಿಷ ತನ್ನ ತುಟಿಗೆ ಬಿದ್ದು ಸಾಯುತ್ತಾಳೆ. 2008ರ ‘ಕ್ವಾಂಟಂ ಆಫ್ ಸೊಲೇಸ್’ನಲ್ಲಂತೂ ತನ್ನ ತೋಳಿನಲ್ಲೇ ಜೀವ ಬಿಟ್ಟ ಗೆಳೆಯ ಮಾಥಿಸ್‌ನ ದೇಹವನ್ನು ಬಾಂಡ್ ಕಸದ ತೊಟ್ಟಿಗೆ ಹಾಕುತ್ತಾನೆ, ಹಾಕಿ, ಅವನ ಪರ್ಸಿನಲ್ಲಿದ್ದ ದುಡ್ಡನ್ನೂ ತೆಗೆದುಕೊಂಡು ಹೋಗುತ್ತಾನೆ. ಮೃತ ನೌಕರನ ಕುಟುಂಬಕ್ಕೆ ಸರ್ಕಾರ ಪರಿಹಾರ ಕೊಡುವುದನ್ನು ಕೇಳಿದ್ದೆವು. ಮೃತನಿಂದಲೇ ವಸೂಲಿ ಮಾಡಿದ್ದು ಇದೇ ಮೊದಲು.

ನಮ್ಮ ದೇಶದ ಪಾಳಿ ಬಂದದ್ದು 1983ರಲ್ಲಿ, ‘ಆಕ್ಟೋಪಸಿ’ಯಲ್ಲಿ. ಆಹಾ, ಏನು ಭಾರತ! ತಾಜಮಹಲು ಕಂಡ ಬೆನ್ನಿಗೇ ಉದಯಪುರದ ಘಟ್ಟ. ನಡುವಿನ ನೂರಾರು ಕಿಲೋಮೀಟರಿಗೆ ಪ್ರಯಾಣ ಭತ್ಯೆ ಯಾರು ಕೇಳಿದರೋ ಕಾಣೆ. ದಡದಲ್ಲಿ ಹಾವಾಡಿಗನ ವೇಷದಲ್ಲಿ ಕೂತ ಸ್ಥಳೀಯ ಸಹಾಯಕ ವಿಜಯ್ ಪುಂಗಿಯಲ್ಲಿ ಬಾಂಡ್ ಚಿತ್ರದ್ದೇ ಸಂಗೀತ ನುಡಿಸಿ ತನ್ನ ಗುರುತು ಹೇಳುತ್ತಾನೆ. ಅಂದರೆ ಬ್ರಿಟಿಷ್ ಗುಪ್ತಚರ ಇಲಾಖೆಯ ಸಂಕೇತಭಾಷೆ ಜಗತ್ತಿನ ಎಲ್ಲ ಟಾಕೀಸಿನವರಿಗೂ ಬಾಯಿಪಾಠ. ಪಾತ್ರದಲ್ಲಿ ನಮ್ಮ ಟೆನಿಸ್ ಆಟಗಾರ ವಿಜಯ್ ಅಮೃತರಾಜ್. ಮುಂದಿನದು ಆಟೋ ಬೆನ್ನಟ್ಟುವ ದೃಶ್ಯ. ವಿಜಯ್ ಆಟೋದಿಂದಲೇ ರಾಕೆಟ್ ಬೀಸಿ ಶತ್ರುಗಳನ್ನು ಬಡಿಯುತ್ತಾನೆ. ರಸ್ತೆಯ ಜನ ವಿಂಬಲ್ಡನ್ನಿನಲ್ಲಿ ಕೂತವರಂತೆ ತಲೆಯನ್ನು ಅತ್ತ ಇತ್ತ ತಿರುಗಿಸುತ್ತಾರೆ. ಶತ್ರುಗಳ ದಾರಿ ಕಟ್ಟಲು ಬಾಂಡ್ ಜೂಜಿನಲ್ಲಿ ಗೆದ್ದ ನೋಟುಗಳನ್ನು ಬೀದಿಗೆ ಎಸೆಯುತ್ತಾನೆ, ವೋಚರ್ ಇಲ್ಲದೆ. ಇಷ್ಟಾದರೂ ಆಟೋದವನು ಒಂದೂವರೆ ಪಟ್ಟು ಕೇಳಲಿಲ್ಲ ಎಂಬಲ್ಲಿಗೆ, ಇದು ಬೆಂಗಳೂರಲ್ಲ ಎಂಬುದು ಖಚಿತವಾಗುತ್ತದೆ.

ಕಾಡಿನಲ್ಲಿ ಬಾಂಡ್‌ಗೆ ಹುಲಿ ಎದುರಾಗುತ್ತದೆ. ನಾಯಿಗೆ ಹೇಳಿದ ಹಾಗೆ ಕೂತ್ಕೋ ಅನ್ನುತ್ತಾನೆ. ಕೂರುತ್ತದೆ! ಬಂಡೀಪುರದ ಅಂಚಿನ ಊರುಗಳವರು ಈ ದೃಶ್ಯ ನೋಡಿದ್ದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡುವ ಬದಲು ರೋಜರ್ ಮೂರ್‌ಗೇ ಕೊಡುತ್ತಿದ್ದರು. ಆಮೇಲೆ ಬಳ್ಳಿ ಹಿಡಿದು ಟಾರ್ಜನ್ನನ ಕೂಗು ಹಾಕುತ್ತ ತೂಗಾಡುತ್ತಾನೆ. ಕಡೆಗೆ ಜರ್ಮನಿಯ ಸರ್ಕಸ್ಸಿನಲ್ಲಿ ಕೋಡಂಗಿಯ ವೇಷದಲ್ಲಿ ಅಣುಬಾಂಬನ್ನು ನಿಷ್ಕ್ರಿಯಗೊಳಿಸುತ್ತಾನೆ. ನಾವು ಶಿಳ್ಳೆ ಹೊಡೆಯುತ್ತೇವೆ. ಆ ಹೊತ್ತಿಗೆ ವಿಜಯ್ ಎಲ್ಲಿ? ಸತ್ತು ಎಷ್ಟೋ ರೀಲು ಆಗಿದೆ. ದಾರಕ್ಕೆ ಕಟ್ಟಿ ಬಿಡುವ ಗರಗಸದ ಚಕ್ರವೊಂದು ಅವನನ್ನು ಮುಗಿಸಿದೆ. ವಿಂಬಲ್ಡನ್ ಆಡಿದವನಿಗೇ ಈ ಗತಿಯಾದರೆ ಉಳಿದ ಸ್ಥಳೀಯರ ಪಾಡೇನು? ಅನುಕಂಪದ ಆಧಾರದ ನೌಕರಿಗೆ ಅವನ ಮನೆಯವರು ಲಂಡನ್ನಿಗೆ ಅರ್ಜಿ ಹಾಕಿದ ದೃಶ್ಯವನ್ನು ಯಾರೂ ಚಿತ್ರೀಕರಿಸಲಿಲ್ಲ.

ಹಾಗಾದರೆ ಈ ಸರಣಿಯಲ್ಲಿ ಲೆಕ್ಕಪರಿಶೋಧನೆಯೇ ಇಲ್ಲವೆ? ಇದೆ. ಆದರೆ ಅದು ನಡೆಯುವುದು ಖಳನಾಯಕನ ಕಚೇರಿಯಲ್ಲಿ. 1965ರ ‘ಥಂಡರ್‌ಬಾಲ್’ನಲ್ಲಿ ಸ್ಪೆಕ್ಟರ್ ಸಂಸ್ಥೆಯ ಸಭೆ ನೆನಪಿಸಿಕೊಳ್ಳಿ. ಸದಸ್ಯರು ಒಬ್ಬೊಬ್ಬರಾಗಿ ಜಮಾಖರ್ಚು ಒಪ್ಪಿಸುತ್ತಾರೆ. ಬೆಕ್ಕು ಸವರುತ್ತ ಕೂತ ಮುಖ್ಯಸ್ಥ ಬ್ಲೋಫೆಲ್ಡ್ ಹಣ ತಿಂದವನು ಯಾರೆಂದು ಪತ್ತೆಹಚ್ಚುತ್ತಾನೆ. ಮರುಕ್ಷಣ ಕುರ್ಚಿಗೆ ವಿದ್ಯುತ್ ಹರಿದು ಆಸಾಮಿ ಸುಟ್ಟು ಕರಕಲು. ಸಭೆ ಮುಂದುವರಿಯುತ್ತದೆ. ಆಕ್ಷೇಪಣೆ, ಸಮಜಾಯಿಷಿ, ತಡೆಯಾಜ್ಞೆ ಯಾವುದೂ ಇಲ್ಲ. ಉತ್ತರದಾಯಿತ್ವ ಎಂಬ ಮಾತಿಗೆ ಈ ಇಪ್ಪತ್ತೈದು ಚಿತ್ರಗಳಲ್ಲಿ ಅರ್ಥ ಸಿಗುವುದು ದುಷ್ಟರಲ್ಲಿ ಮಾತ್ರ.

ಲೋಕೋಪಯೋಗಿ ಕಾಮಗಾರಿಯಲ್ಲೂ ಅವರೇ ಮುಂದು. 1967ರ ‘ಯು ಓನ್ಲಿ ಲಿವ್ ಟ್ವೈಸ್’ಗಾಗಿ ಕಲಾ ನಿರ್ದೇಶಕ ಕೆನ್ ಆ್ಯಡಂ ಕಟ್ಟಿಸಿದ ಜ್ವಾಲಾಮುಖಿಯೊಳಗಿನ ಅಡಗುದಾಣದ ಸೆಟ್ಟಿಗೆ ತಗುಲಿದ ವೆಚ್ಚ ಸುಮಾರು ಹತ್ತು ಲಕ್ಷ ಡಾಲರ್, ಐದು ವರ್ಷ ಹಿಂದೆ ಇಡೀ ‘ಡಾಕ್ಟರ್ ನೋ’ ಮುಗಿದದ್ದು ಹೆಚ್ಚುಕಡಿಮೆ ಅಷ್ಟರಲ್ಲೇ. ರಾಕೆಟ್ಟು ಹಾರಿಸುವ ವೇದಿಕೆ, ತೆರೆದು ಮುಚ್ಚುವ ಚಾವಣಿ, ಒಳಗೇ ಓಡಾಡುವ ಮೋನೊರೈಲು, ಎಲ್ಲವೂ ಸಮಯಕ್ಕೆ ಸರಿಯಾಗಿ ಮುಗಿದಿವೆ! ಒಳಗೆ ಸಮವಸ್ತ್ರ ಹಾಕಿಕೊಂಡು ದುಡಿಯುವ ನೂರಾರು ಜನ. ಕೊನೆಯಲ್ಲಿ ಜ್ವಾಲಾಮುಖಿ ಸಿಡಿದಾಗ ಅವರ ಗತಿ ಏನಾಯಿತು ಎಂದು ಬಾಂಡ್ ಕೇಳುವುದಿಲ್ಲ, ಬ್ಲೋಫೆಲ್ಡ್ ಕೇಳುವುದಿಲ್ಲ, ಕಡಲೆಕಾಯಿ ತಿನ್ನುತ್ತಿದ್ದ ನಾವೂ ಕೇಳುವುದಿಲ್ಲ.

‘ಗೋಲ್ಡ್‌ಫಿಂಗರ್’ನ ಕೊನೆಯ ಭಾಗದ ಬಾಂಬಿನ ದೃಶ್ಯವನ್ನು ಇದೇ ಕಣ್ಣಿನಿಂದ ನೋಡಿ. ಬಾಂಬಿನ ಗಡಿಯಾರ ಓಡುತ್ತಿದೆ. ಬಾಂಡ್ ಬೆವರುತ್ತ ಒಳಗಿನ ತಂತಿಗಳನ್ನು ಕಿತ್ತುಹಾಕಲು ನೋಡುತ್ತಾನೆ, ತಿಳಿಯುವುದಿಲ್ಲ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ತಂತ್ರಜ್ಞ ಬಂದು ಒಂದು ಸ್ವಿಚ್ ಒತ್ತುತ್ತಾನೆ. ಗಡಿಯಾರ ನಿಲ್ಲುತ್ತದೆ, 007 ಎಂಬ ಅಂಕಿಯ ಮೇಲೆ. ಕೆಲಸ ಮಾಡಿದವನ ಹೆಸರು ಯಾರಿಗೂ ಗೊತ್ತಿಲ್ಲ. ಬಾಂಬಿನ ಮೇಲೂ ಸಾಹೇಬರದೇ ನಂಬರು.

ಬಾಂಡ್ ವಿಷಯದಲ್ಲಿ ಭಾರತ ಸರ್ಕಾರ ಸುಮ್ಮನಿತ್ತು ಎನ್ನಬೇಡಿ. 2015ರ ‘ಸ್ಪೆಕ್ಟರ್’ ಬಂದಾಗ ನಮ್ಮ ಸೆನ್ಸಾರ್ ಮಂಡಳಿ ಅವನ ಮುತ್ತುಗಳನ್ನು ಅರ್ಧಕ್ಕೆ ಇಳಿಸಿತು. ಗುಂಡುಗಳನ್ನು ಹಾಗೇ ಬಿಟ್ಟಿತು. ಕೊಲ್ಲುವುದಕ್ಕೆ ಪರವಾನಗಿ ಇದೆ, ಮುದ್ದಿಸುವುದಕ್ಕೆ ಅರ್ಧ ಪರವಾನಗಿ. ಅದೇ ಚಿತ್ರದ ಆರಂಭದಲ್ಲಿ ಮೆಕ್ಸಿಕೊ ನಗರದ ಸತ್ತವರ ಹಬ್ಬದ ಭಾರಿ ಮೆರವಣಿಗೆ ಇದೆ. ಅಂಥದ್ದೊಂದು ಮೆರವಣಿಗೆ ಆ ನಗರದಲ್ಲಿ ಇರಲೇ ಇಲ್ಲ. ಚಿತ್ರ ನೋಡಿ 2016ರಿಂದ ಶುರುಮಾಡಿದರು. ಸಂಸ್ಕೃತಿ ಕಾಪಾಡುವುದರಲ್ಲಿ ನಾವು ಕತ್ತರಿಯವರು, ಅವರು ದರ್ಜಿಗಳು.

ಕನ್ನಡಿಗರಾದ ನಮಗೆ ಈ ವಿಷಯದಲ್ಲಿ ಕೀಳರಿಮೆ ಬೇಕಿಲ್ಲ. ‘ಡಾಕ್ಟರ್ ನೋ’ ಬಂದ ಆರು ವರ್ಷಕ್ಕೆ, 1968ರಲ್ಲಿ, ದೊರೈ-ಭಗವಾನ್ ಜೋಡಿ ‘ಜೇಡರ ಬಲೆ’ ಹೆಣೆದು ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿತು. ಅಂಕಿಯಲ್ಲೇ ನಾವು 992 ಮುಂದೆ. ಬಾಂಡ್ ತನ್ನ ಚಿತ್ರದ ಹಾಡನ್ನೂ ಶರ್ಲಿ ಬ್ಯಾಸಿಯಂಥವರಿಗೆ ಗುತ್ತಿಗೆ ಕೊಟ್ಟ. ನಮ್ಮ ಅಣ್ಣಾವ್ರು 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಇಂಗ್ಲಿಷ್ ಹಾಡನ್ನೂ ತಾವೇ ಹಾಡಿ ಮುಗಿಸಿದರು. ಇಲಾಖೆಗೆ ಎಷ್ಟು ಉಳಿತಾಯ!

ನಗುವಿನ ಮಧ್ಯೆ ಒಂದು ಮಾತು. ಪರದೆಯ ಮೇಲೆ ಬಾಂಡ್ ಯಾರಿಗೆ ಗುಂಡು ಹಾರಿಸಿದರೂ ಅವನು ಪಾಪಿಯೇ ಆಗಿರುತ್ತಾನೆ. ಯಾಕೆಂದರೆ ಅಲ್ಲಿ ನ್ಯಾಯಾಧೀಶನ ಕೆಲಸವನ್ನು ಚಿತ್ರಕಥೆ ಬರೆದವನು ಮೊದಲೇ ಮುಗಿಸಿಟ್ಟಿರುತ್ತಾನೆ. ಬೀದಿಯಲ್ಲಿ ಚಿತ್ರಕಥೆಗಾರ ಇರುವುದಿಲ್ಲ. 2019ರಲ್ಲಿ ಹೈದರಾಬಾದಿನ ಹತ್ತಿರ ಪೊಲೀಸರು ನಾಲ್ವರು ಆರೋಪಿಗಳನ್ನು ಎನ್‌ಕೌಂಟರಿನಲ್ಲಿ ಕೊಂದಾಗ ಜನ ಹೂವಿನ ಎಸಳು ಚೆಲ್ಲಿ ಸಂಭ್ರಮಿಸಿದರು. 2022ರಲ್ಲಿ, ಸುಪ್ರೀಂ ಕೋರ್ಟ್ ನೇಮಿಸಿದ್ದ ಆಯೋಗ ಪೊಲೀಸರ ಕಥೆ ನಂಬಲರ್ಹವಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದಾರೆ ಎಂದಿತು. ಅಷ್ಟರಲ್ಲಿ ಹೂವು ಬಾಡಿತ್ತು, ನಾವು ಬೇರೆ ಸಿನಿಮಾಕ್ಕೆ ಹೋಗಿದ್ದೆವು. ಸಾರ್ಡೀನಿಯಾದ ಕುಡುಕ ಬಾಟಲಿಯನ್ನಾದರೂ ಒಮ್ಮೆ ನೋಡಿಕೊಂಡಿದ್ದ.

ರಿಜಿಸ್ಟರಿನ ಕೊನೆಯ ಪುಟ 2021ರ ‘ನೋ ಟೈಮ್ ಟು ಡೈ’. ಸಾಯಲು ಪುರುಸೊತ್ತಿಲ್ಲ ಎಂಬ ಹೆಸರಿನ ಚಿತ್ರದಲ್ಲೇ ಅವನು ಸತ್ತ. 59 ವರ್ಷ ಯಾವ ಖಳನಾಯಕನ ಕೈಯಲ್ಲೂ ಆಗದ ಕೆಲಸವನ್ನು ಅವನದೇ ಸರ್ಕಾರದ ಕ್ಷಿಪಣಿಗಳು ಮಾಡಿ ಮುಗಿಸಿದವು, ಅದೂ ಅವನೇ ಕೇಳಿ ತರಿಸಿಕೊಂಡವು. ಸಹೋದ್ಯೋಗಿಗಳು ಕಚೇರಿಯಲ್ಲಿ ಒಂದೊಂದು ಗುಟುಕು ಹಾಕಿ ತಮ್ಮ ತಮ್ಮ ಕೆಲಸಕ್ಕೆ ಮರಳಿದರು. ಆದರೆ ಹೆಸರುಗಳೆಲ್ಲ ಸರಿದು ಮುಗಿದ ಮೇಲೆ ಪರದೆಯ ಮೇಲೆ ಮೂಡುವ ವಾಕ್ಯ, ಜೇಮ್ಸ್ ಬಾಂಡ್ ಮತ್ತೆ ಬರುತ್ತಾನೆ ಎಂದೇ. ಸತ್ತವರ ಹೆಸರು ಹಾಜರಿ ಪಟ್ಟಿಯಲ್ಲಿ ಮುಂದುವರಿಯುವುದು ನಮ್ಮಲ್ಲಿ ಮಾತ್ರ ಎಂದು ನಾಚುತ್ತಿದ್ದವರು ಇನ್ನು ತಲೆಯೆತ್ತಿ ನಡೆಯಬಹುದು. ಇತ್ತ 2025ರಲ್ಲಿ ಬಾಂಡ್ ಚಿತ್ರಗಳ ಸೃಜನಶೀಲ ಹತೋಟಿ ಅವುಗಳನ್ನು ನಿರ್ಮಿಸುತ್ತ ಬಂದ ಬ್ರಾಕಲಿ ಕುಟುಂಬದಿಂದ ಅಮೆಜಾನ್ ಕೈಗೆ ಹೋಯಿತು. ಅಲ್ಲಿಗೆ ಇಲಾಖೆಯ ಖಾಸಗೀಕರಣವೂ ಮುಗಿಯಿತು. ಕ್ಯೂ ಜೀವನಪೂರ್ತಿ ಗೋಗರೆದ ಸಾಮಾನು ವಾಪಸಾತಿ ಇನ್ನು ಹತ್ತು ದಿನದೊಳಗೆ ಆದರೂ ಆಗಬಹುದು.

ಹೊಸ ಮಾಲೀಕರಲ್ಲಿ ಈ ಅಭಿಮಾನಿಯ ಬಿನ್ನಹ ಇಷ್ಟೆ. ಏಳನೆಯ ಮುಖ ಯಾರದಾದರೂ ಆಗಲಿ, ಟಿಕೆಟ್ಟು ಕೊಳ್ಳುವವರಲ್ಲಿ ನಾನು ಮೊದಲಿಗ. ಕಾರು ಸಮುದ್ರಕ್ಕೆ ಬೀಳಲಿ, ಹುಲಿ ಕೂರಲಿ, ಪೀಪಿ ಊದಿದರೂ ಸಹಿಸುತ್ತೇನೆ. ಆದರೆ ಮುಂದಿನ ಚಿತ್ರದಲ್ಲಿ ಬಾಂಡ್ ಯಾವ ಊರಿಗೆ ಹೋದರೂ ಅಲ್ಲಿನ ಸಹಾಯಕನನ್ನು ಕೊಲ್ಲಬೇಡಿ. ಅವನಿಗೆ ಸಂಬಳ ಕೊಡಿ, ವಿಮೆ ಮಾಡಿಸಿ, ಸಂಜೆ ಮನೆಗೆ ಕಳಿಸಿ. ಹಾರುವವನ ಹೆಸರನ್ನು, ಟೈ ಸರಿಮಾಡಿಕೊಳ್ಳುವವನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ.